ಕೊನೆಯ ಇನ್ನೂರು ಮೀಟರ್

ಏಳನೇ ತರಗತಿಯ ಭೂಗೋಳ ಪುಸ್ತಕದ ಕರಡು ಮೇಜಿನ ತುಂಬ ಹರಡಿತ್ತು. ಕೆಂಪು ಪೆನ್ನಿನ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಪ್ಪಕ್ಕ ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಮುದ್ರಣಯಂತ್ರ ತಿರುಗುತ್ತಿತ್ತು. ಅದರ ಅದುರಾಟಕ್ಕೆ ಮೇಜಿನ ಮೇಲಿದ್ದ ಗುಂಡುಸೂಜಿಯ ಡಬ್ಬಿ ಸಣ್ಣಗೆ ಗಲಗಲ ಎನ್ನುತ್ತಿತ್ತು.

ಮುದ್ರಣಾಲಯದಲ್ಲಿ ಮಾಲೀಕರಿಂದ ಹಿಡಿದು ಕಾಗದ ಹೊರುವವನವರೆಗೆ ಎಲ್ಲರೂ ಅವಳನ್ನು ಕರೆಯುವುದೇ ತಪ್ಪಕ್ಕ ಎಂದು. ಒತ್ತಕ್ಷರ ಜಾರಿರಲಿ, ದೀರ್ಘ ಬಿಟ್ಟುಹೋಗಿರಲಿ, ಅವಳ ಕಣ್ಣಿಗೆ ಬೀಳದೆ ಆಚೆ ಹೋಗುವಂತಿರಲಿಲ್ಲ. ನಲವತ್ತಾರು ವರ್ಷದ ಅವಳು ಅದರಲ್ಲಿ ಇಪ್ಪತ್ತೆರಡು ವರ್ಷಗಳನ್ನು ಗಾಲಿಕುರ್ಚಿಯಲ್ಲಿ ಕಳೆದಿದ್ದಳು. ಬಸ್ಸೊಂದು ಮಗುಚಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ದಿನದಿಂದ ಸೊಂಟದ ಕೆಳಗೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಚಕ್ರ ತಳ್ಳಿದ ತೋಳುಗಳು ಯಂತ್ರದ ಕೋಣೆಯ ಗಂಡಸರ ತೋಳುಗಳಿಗಿಂತ ಗಟ್ಟಿಯಾಗಿದ್ದವು.

ಮೂವತ್ತೆರಡನೇ ಪುಟದಲ್ಲಿ ಪೆನ್ನು ನಿಂತಿತು. 'ಇದು ನಮ್ಮ ರಾಜ್ಯದ ಅತ್ಯಂತ ಎತ್ತರದ ಸ್ಥಳ. ಇಲ್ಲಿಗೆ ತುದಿಯವರೆಗೂ ವಾಹನದಲ್ಲೇ ಹೋಗಬಹುದು.' ಪುಸ್ತಕ ಮರುಮುದ್ರಣವಾದಾಗಲೆಲ್ಲ ಈ ಸಾಲು ಅವಳ ಕಣ್ಣ ಮುಂದೆ ಹಾದುಹೋಗಿತ್ತು. ಕಾಗುಣಿತ ಸರಿಯಿದ್ದ ಸಾಲನ್ನು ಅವಳು ಎಂದೂ ಎರಡು ಸಲ ಓದಿದವಳಲ್ಲ. ಈ ಸಲ ಓದಿದಳು.

ಪುಟ ಕಟ್ಟುವವನು ಕಂಪ್ಯೂಟರಿನಿಂದ ತಲೆ ಎತ್ತಿ ಕೇಳಿದ. "ಏನಕ್ಕ, ತಪ್ಪು ಸಿಕ್ತಾ?"

"ಗೊತ್ತಿಲ್ಲ. ಹೋಗಿ ನೋಡ್ಕೊಂಡು ಬರಬೇಕು."

"ಎಲ್ಲಿಗೆ?"

"ತುದಿಗೆ."

ಮನೆಯಲ್ಲಿ ಆಗಲೇ ಮೂರು ದಿನದ ಪ್ರವಾಸದ ಮಾತು ನಡೆದಿತ್ತು. ಅವಳಿದ್ದದ್ದು ತಮ್ಮನ ಸಂಸಾರದ ಜೊತೆ. ತಮ್ಮನದು ಬಣ್ಣದ ಅಂಗಡಿ. ಉಗುರಿನ ಸಂದಿಯಲ್ಲಿ ಸದಾ ಯಾವುದಾದರೊಂದು ಬಣ್ಣ ಉಳಿದೇ ಇರುತ್ತಿತ್ತು. ಅವನ ಹೆಂಡತಿ ಜಲಪಾತ, ಗುಹೆ, ಕೋಟೆ ಎಂದು ಪಟ್ಟಿ ಮಾಡಿಟ್ಟಿದ್ದಳು. ಕಾಲೇಜು ಓದುವ ಮಗಳು ಅದನ್ನೆಲ್ಲ ಫೋನಿನ ನಕ್ಷೆಯಲ್ಲಿ ಗುರುತು ಮಾಡುತ್ತಿದ್ದಳು.

"ಮೂರನೇ ದಿನ ಕೋಟೆ ಬೇಡ," ತಪ್ಪಕ್ಕ ಊಟದ ಮೇಜಿನ ಬಳಿ ಹೇಳಿದಳು. "ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೋಗೋಣ. ಕಾರು ಮೇಲಿನವರೆಗೂ ಹೋಗುತ್ತಂತೆ."

"ಅಲ್ಲೇನಿದೆ ಅತ್ತಿಗೆ? ಬರೀ ಕಲ್ಲು, ಗಾಳಿ," ಎಂದಳು ತಮ್ಮನ ಹೆಂಡತಿ.

"ಇರಲಿ. ಮೂರು ದಿನದಲ್ಲಿ ಒಂದು ಕಲ್ಲನ್ನಾದ್ರೂ ನಾನೂ ಹತ್ತಿರದಿಂದ ನೋಡಬೇಡ್ವಾ?"

ತಮ್ಮ ಅನ್ನದ ತಟ್ಟೆಯನ್ನೇ ನೋಡುತ್ತ, "ಸರಿ," ಎಂದ.

ಪ್ರವಾಸದ ಮೊದಲ ಎರಡು ದಿನ ಎಂದಿನಂತೆಯೇ ಕಳೆದವು. ಜಲಪಾತಕ್ಕೆ ಮುನ್ನೂರು ಮೆಟ್ಟಿಲು ಇಳಿಯಬೇಕಿತ್ತು. ಕಾರನ್ನು ಮರದ ನೆರಳಿಗೆ ನಿಲ್ಲಿಸಿ, ಕಿಟಕಿಯ ಗಾಜು ಅರ್ಧ ಇಳಿಸಿ, ಬ್ಯಾಗುಗಳನ್ನೂ ಚಪ್ಪಲಿಗಳನ್ನೂ ಫ್ಲಾಸ್ಕನ್ನೂ ತಪ್ಪಕ್ಕನ ಪಕ್ಕ ಪೇರಿಸಿಟ್ಟು ಮೂವರೂ ಇಳಿದುಹೋದರು. "ಸಾಮಾನು ನೋಡ್ಕೊಳ್ಳೋಕೆ ಅತ್ತಿಗೆ ಇದ್ದಾರೆ, ಅದೇ ಒಂದು ನೆಮ್ಮದಿ," ಎಂದು ಹೋಗುವಾಗ ತಮ್ಮನ ಹೆಂಡತಿ ಹೇಳಿದಳು. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಮೆಚ್ಚುಗೆಯೇ ಇತ್ತು. ಎರಡನೇ ದಿನ ಗುಹೆಯ ಬಾಗಿಲಲ್ಲೂ ಹಾಗೇ ಆಯಿತು. ಸಂಜೆ ತಮ್ಮನ ಮಗಳು ಫೋನಿನಲ್ಲಿ ಗುಹೆಯ ವಿಡಿಯೊ ತೋರಿಸಿದಳು. ಕತ್ತಲು, ಅದರ ನಡುವೆ ಟಾರ್ಚಿನ ಬೆಳಕು, ಯಾರದೋ ಬೆನ್ನು. "ಚೆನ್ನಾಗಿದೆ," ಎಂದಳು ತಪ್ಪಕ್ಕ. ಇಪ್ಪತ್ತೆರಡು ವರ್ಷದಲ್ಲಿ ಅವಳು ಈ ರಾಜ್ಯವನ್ನೆಲ್ಲ ನೋಡಿದ್ದು ಇಂಥ ಬೆನ್ನುಗಳ ಹಿಂದಿನಿಂದಲೇ.

ಮೂರನೇ ದಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಸಿದ್ಧಳಾಗಿ ಕೂತಿದ್ದಳು. ರಸ್ತೆ ಸುತ್ತಿ ಸುತ್ತಿ ಏರಿತು. ಮರಗಳು ಕುಳ್ಳಗಾಗುತ್ತ ಹೋಗಿ ಕೊನೆಗೆ ಇಲ್ಲವೇ ಆದವು. ಎರಡು ಕಡೆಯೂ ಹುಲ್ಲು, ಹುಲ್ಲಿನ ಮೇಲೆ ಮೋಡದ ನೆರಳು. ಕಿವಿಯೊಳಗೆ ಪಟ್ ಎಂದಾಗ ತಮ್ಮನ ಮಗಳು ನಕ್ಕಳು. "ಅತ್ತೆ, ನಿಮಗೂ ಆಯ್ತಾ?" "ಆಯ್ತು ಕಣೆ," ಎಂದು ತಪ್ಪಕ್ಕನೂ ನಕ್ಕಳು.

ಇನ್ನೇನು ತುದಿ ಬಂತು ಎನ್ನುವಾಗ ರಸ್ತೆಗೆ ಅಡ್ಡಲಾಗಿ ಕೆಂಪು ಬಿಳಿ ಪಟ್ಟೆಯ ಕಬ್ಬಿಣದ ಕಂಬವಿತ್ತು. ಪಕ್ಕದಲ್ಲಿ ತಗಡಿನ ಗೂಡು, ಅದರೆದುರು ಸ್ಟೂಲಿನ ಮೇಲೆ ಖಾಕಿ ಸ್ವೆಟರಿನ ಕಾವಲುಗಾರ.

"ಗಾಡಿ ಇಲ್ಲೇ ನಿಲ್ಲಿಸಿ. ಇಲ್ಲಿಂದ ಇನ್ನೂರೇ ಮೀಟರು, ನಡ್ಕೊಂಡು ಹೋಗಿ."

ತಮ್ಮ ಇಳಿದು ಹೋಗಿ ಮೆಲುದನಿಯಲ್ಲಿ ಏನೋ ಹೇಳಿದ. ಕಾರಿನ ಕಡೆ ಕೈ ತೋರಿಸಿದ. ಕಾವಲುಗಾರ ಬಗ್ಗಿ ಕಿಟಕಿಯೊಳಗೆ ಇಣುಕಿ ನೋಡಿ ತಲೆಯಾಡಿಸಿದ. ತಮ್ಮ ಹಿಂದಿರುಗಿ ಬಂದ ಬಗೆಯಲ್ಲೇ ಉತ್ತರ ಗೊತ್ತಾಯಿತು.

"ಇಲಾಖೆ ಗಾಡಿ ಮಾತ್ರ ಬಿಡ್ತಾರಂತೆ. ನೀನು ಕಾರಲ್ಲೇ ಇರು ಅಕ್ಕ, ಹತ್ತೇ ನಿಮಿಷ, ಹೋಗಿ ಬಂದ್ಬಿಡ್ತೀವಿ. ಇಲ್ಲಿಂದಲೂ ಚೆನ್ನಾಗೇ ಕಾಣುತ್ತೆ."

ಅಲ್ಲಿಂದ ಕಾಣುತ್ತಿದ್ದದ್ದು ತಗಡಿನ ಗೂಡು ಮತ್ತು ಗಾಡಿ ನಿಲ್ಲಿಸುವ ಜಾಗದ ಮಣ್ಣು. ತಮ್ಮನ ಹೆಂಡತಿ ರೂಢಿಯಂತೆ ಬ್ಯಾಗುಗಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಜೋಡಿಸತೊಡಗಿದಳು.

"ನನ್ನ ಕುರ್ಚಿ ಇಳಿಸು," ಎಂದಳು ತಪ್ಪಕ್ಕ.

ಗಾಳಿಗೆ ಕೂರುತ್ತಾಳೇನೋ ಎಂದುಕೊಂಡು ತಮ್ಮ ಡಿಕ್ಕಿ ತೆಗೆದು ಕುರ್ಚಿ ಇಳಿಸಿಕೊಟ್ಟ. ಅವಳು ಸೀಟಿನಿಂದ ಕುರ್ಚಿಗೆ ಸರಿದು ಕೂತಳು. ಅವರು ಮೂವರೂ ಕಂಬದ ಪಕ್ಕದ ಸಂದಿಯಲ್ಲಿ ನುಸುಳಿ ಮೇಲೆ ನಡೆದರು. ತಮ್ಮನ ಮಗಳು ಎರಡು ಸಲ ಹಿಂದೆ ತಿರುಗಿ ನೋಡಿದಳು.

ಅವರು ತಿರುವು ದಾಟಿದ ಮೇಲೆ ತಪ್ಪಕ್ಕ ಬ್ಯಾಗುಗಳನ್ನು ಒಳಗೇ ಬಿಟ್ಟು, ತಮ್ಮ ಬಿಟ್ಟುಹೋಗಿದ್ದ ಕೀಲಿಯಿಂದ ಕಾರಿಗೆ ಬೀಗ ಹಾಕಿದಳು. ಅರ್ಧ ಬೆರಳಿನ ಚರ್ಮದ ಕೈಗವಸು ತೊಟ್ಟು ಕಂಬದ ಬಳಿ ಹೋದಳು. ಸಂದಿ ಒಂದೂವರೆ ಅಡಿಯೂ ಇರಲಿಲ್ಲ. ಬೈಕುಗಳು ನುಗ್ಗದಿರಲೆಂದು ಮಾಡಿದ್ದು.

"ಇದನ್ನ ಸ್ವಲ್ಪ ಎತ್ತಿ," ಎಂದಳು ಕಾವಲುಗಾರನಿಗೆ.

"ಆಗಲ್ಲಮ್ಮ. ನಡೆಯೋರಿಗೆ ಮಾತ್ರ ದಾರಿ."

"ನಾನೂ ನಡೆಯೋಳೇ. ನನ್ನ ಕಾಲು ದುಂಡಗಿದೆ, ಅಷ್ಟೇ."

ಅವನಿಗೆ ನಗು ಬಂದರೂ ನುಂಗಿಕೊಂಡ. "ಅಮ್ಮ, ಮೇಲೇನೂ ಇಲ್ಲ. ಒಂದು ಕಲ್ಲು, ಒಂದು ಕಟ್ಟೆ."

"ಏನೂ ಇಲ್ಲದಿದ್ರೆ ಇಷ್ಟು ಜನ ಯಾಕೆ ಹೋಗ್ತಾರೆ?"

ಕಾವಲುಗಾರ ಸ್ಟೂಲಿನಿಂದ ಎದ್ದ. ಒರಟು ಮನುಷ್ಯನೇನಲ್ಲ. "ನೋಡಿ, ನಿಮಗೆ ಮೋಸ ಮಾಡಿ ನನಗೇನು ಬರಬೇಕಾಗಿದೆ? ಮೊದಲು ಎಲ್ಲಾ ಗಾಡಿ ಬಿಡ್ತಿದ್ವಿ. ಮೇಲೆ ತಿರುಗಿಸೋಕೆ ಜಾಗ ಇಲ್ಲ. ಹೋದ ವರ್ಷ ಒಂದು ಕಾರು ಹಿಂದಕ್ಕೆ ಜಾರಿ ತಡೆಗೋಡೆಗೆ ಗುದ್ದಿತು. ಒಳಗೆ ಇಡೀ ಸಂಸಾರ. ಹೆಂಗೋ ಬದುಕಿದ್ರು. ಆಮೇಲೆ ಈ ಬೋರ್ಡು ಬಂತು, ನನಗೊಂದು ನೋಟೀಸೂ ಬಂತು. ಇನ್ನೊಂದು ಬಂದ್ರೆ ಮನೆಗೆ ಕಳಿಸ್ತಾರೆ."

ಅವನು ತೋರಿಸಿದ ಬೋರ್ಡನ್ನು ಅವಳು ಓದಿದಳು. 'ಖಾಸಗಿ ವಾಹನಗಳ ಪ್ರವೇಶ ನಿಷೇದಿಸಲಾಗಿದೆ.'

"ನಿಷೇಧಕ್ಕೆ ಮಹಾಪ್ರಾಣ ಬೇಕು," ಎಂದಳು. "ನಿಮ್ಮ ನಿಷೇಧದಲ್ಲಿ ಪ್ರಾಣವೇ ಇಲ್ಲ."

"ಬರೆದೋರು ನಾನಲ್ಲಮ್ಮ."

"ಗೊತ್ತು. ಇದರಲ್ಲಿ ವಾಹನ ಅಂತಿದೆ. ಇದು ವಾಹನ ಅಲ್ಲ. ನಾನು ಕಾರು ಬಿಡಿ ಅಂತ ಕೇಳ್ತಿಲ್ಲ. ಕಾರು ಅಲ್ಲೇ ಇದೆ, ಬೀಗ ಹಾಕಿದ್ದೀನಿ. ನಡೆಯೋರಿಗೆ ದಾರಿ ಇದೆ ಅಂದ್ರಲ್ಲ, ಆ ದಾರಿ ನನಗೆ ತೋರಿಸಿ."

ಅವನು ಸಂದಿಯನ್ನು ನೋಡಿದ. ಕುರ್ಚಿಯನ್ನು ನೋಡಿದ. "ಏರು ಜಾಸ್ತಿ ಇದೆ. ಜಾರಿದ್ರೆ ಯಾರು ಹೊಣೆ?"

"ನಾನು."

"ಹಾಗೆ ಎಲ್ಲರೂ ಅಂತಾರೆ. ಆಮೇಲೆ ಹಿಡಿಯೋದು ನನ್ನನ್ನ," ಎಂದು ಗೊಣಗಿ ಅವನು ಮತ್ತೆ ಸ್ಟೂಲಿನ ಮೇಲೆ ಕೂತ. ಕಂಬ ಎತ್ತಲಿಲ್ಲ. ಅವಳೂ ಕದಲಲಿಲ್ಲ. ಕಂಬಕ್ಕೆ ಮೂಗು ತಾಗುವಷ್ಟು ಹತ್ತಿರ ಕುರ್ಚಿ ನಿಲ್ಲಿಸಿ, ಚಕ್ರದ ಬ್ರೇಕು ಹಾಕಿಕೊಂಡು ರಸ್ತೆಯ ನಟ್ಟನಡುವೆ ಕೂತುಬಿಟ್ಟಳು. ನಡೆದು ಬಂದವರು ಅವಳನ್ನು ಬಳಸಿಕೊಂಡು ಸಂದಿಯಲ್ಲಿ ನುಸುಳಿ ಹೋದರು. ಒಬ್ಬಾಕೆ ಅಯ್ಯೋ ಪಾಪ ಎನ್ನಹೊರಟಳು. ತಪ್ಪಕ್ಕ ಅವಳನ್ನು ನೋಡಿದ ನೋಟಕ್ಕೆ ಅರ್ಧ ಪಾಪ ಬಾಯಲ್ಲೇ ಉಳಿಯಿತು.

ಹತ್ತು ನಿಮಿಷ ಕಳೆದಿರಬಹುದು. ಕೆಳಗಿನಿಂದ ಇಲಾಖೆಯ ಜೀಪು ಬಂದು ಹಾರ್ನ್ ಮಾಡಿತು. ಮುಂದಿನ ಸೀಟಿನಲ್ಲಿ ತುದಿಯ ವೈರ್‌ಲೆಸ್ ಗೋಪುರ ನೋಡಿಕೊಳ್ಳುವ ಎಂಜಿನಿಯರು. ಹಿಂದಿನ ಸೀಟಿನಲ್ಲಿ ಬಣ್ಣದ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡ ಅವನ ನೆಂಟರು. ಕಾವಲುಗಾರ ದಡಬಡಿಸಿ ಎದ್ದು ಸಲ್ಯೂಟ್ ಹೊಡೆದು ಹಗ್ಗ ಎಳೆದ. ಕಂಬ ಮೇಲೆದ್ದಿತು.

ತಪ್ಪಕ್ಕ ಬ್ರೇಕು ತೆಗೆದಳು. ಎರಡೂ ಕೈಯಲ್ಲಿ ಚಕ್ರ ಹಿಡಿದು ಒಂದೇ ನೂಕಿಗೆ ಕಂಬದ ಆಚೆ ಹೋದಳು.

"ಅಮ್ಮಾ! ಅಮ್ಮಾ!" ಕಾವಲುಗಾರ ಕೂಗಿದ. ಕೂಗಿದನೇ ಹೊರತು ಹಿಂದೆ ಓಡಲಿಲ್ಲ.

ಏರು ಅವಳು ಅಂದುಕೊಂಡದ್ದಕ್ಕಿಂತ ಕಡಿದಾಗಿತ್ತು. ಹತ್ತು ಸಲ ತಳ್ಳುವಷ್ಟರಲ್ಲಿ ಹೆಗಲು ಉರಿಯತೊಡಗಿತು. ರಸ್ತೆಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಮೊಣಕಾಲೆತ್ತರದ ತಡೆಗೋಡೆ. ನಡುವೆ ಒಂದು ಗಾಡಿಗಾಗುವಷ್ಟೇ ಜಾಗ. ಜೀಪು ಅವಳ ಹಿಂದೆ ತೆವಳುತ್ತ ಬಂತು. ಹಾರ್ನ್ ಮಾಡಿತು. ಅವಳು ತಿರುಗಲಿಲ್ಲ. ಇನ್ನೊಮ್ಮೆ ಮಾಡಿದಾಗ ಅವಳು ಉಸಿರು ತೆಗೆದುಕೊಳ್ಳಲು ನಿಂತಳು. ಜೀಪೂ ನಿಂತಿತು.

ಎಂಜಿನಿಯರು ಇಳಿದು ಬಂದ. "ಏನ್ರೀ ಇದು? ನಾವು ಕೆಲಸದ ಮೇಲೆ ಹೋಗ್ತಿದ್ದೀವಿ."

ಅವಳು ಜೀಪಿನ ಹಿಂದಿನ ಸೀಟಿನ ಟೋಪಿಗಳನ್ನು ನೋಡಿದಳು. "ಅವರಿಗೂ ಅಲ್ಲೇ ಕೆಲಸವಾ?"

ಅವನ ಮುಖ ಕೆಂಪಾಯಿತು. "ಬಿಸಿಲಲ್ಲಿ ಯಾಕೆ ಒದ್ದಾಡ್ತೀರಿ? ಬನ್ನಿ, ಜೀಪಲ್ಲಿ ಕೂರಿಸ್ತೀವಿ. ಕುರ್ಚಿ ಹಿಂದೆ ಹಾಕ್ತಾನೆ ನಮ್ಮ ಡ್ರೈವರು. ಒಂದು ನಿಮಿಷದ ಮಾತು."

ಒಂದು ಕ್ಷಣ ಅವಳಿಗೂ ಆಸೆಯಾಯಿತು. ಆದರೂ ಕೇಳಿದಳು, "ನಾಳೆ ನನ್ನಂಥ ಇನ್ನೊಬ್ಬಳು ಬಂದ್ರೆ ಅವಳನ್ನೂ ಕೂರಿಸ್ತೀರಾ?"

"ನಾಳೆ ನಾನು ಇಲ್ಲಿರಲ್ಲ."

"ಹಾಗಾದ್ರೆ ಬೇಡ. ನೀವು ಹಿಂದೆ ಬನ್ನಿ. ನನಗೆ ಅವಸರ ಇಲ್ಲ."

ಅಷ್ಟರಲ್ಲಿ ಮೇಲಿನಿಂದ ತಮ್ಮ ಓಡಿಬಂದ. ತಿರುವಿನಲ್ಲಿ ನಿಂತು ಹಾರ್ನಿನ ಸದ್ದಿಗೆ ಬಗ್ಗಿ ನೋಡಿದವನಿಗೆ ಜೀಪಿನ ಮುಂದೆ ಕುರ್ಚಿ ಕಂಡಿತ್ತು. "ಅಕ್ಕ, ನಿನಗೇನು ತಲೆ ಕೆಟ್ಟಿದೆಯಾ? ಬ್ಯಾಗು?"

"ಕಾರಲ್ಲಿದೆ. ಕಾರಿಗೆ ಬೀಗ ಇದೆ. ಬೀಗ ಮಾಡೋ ಕೆಲಸಾನ ಇಷ್ಟು ವರ್ಷ ನನ್ನ ಕೈಲಿ ಮಾಡಿಸಿದ್ರಲ್ಲ!"

ತಮ್ಮ ಕುರ್ಚಿಯ ಹಿಡಿಗೆ ಕೈ ಹಾಕಿದ. "ಎಲ್ಲರೂ ನೋಡ್ತಿದ್ದಾರೆ. ಬಾ, ಕೆಳಗೆ ಹೋಗೋಣ."

"ಕೈ ತೆಗಿ."

"ಅಕ್ಕ..."

"ಕೈ ತೆಗಿ ಅಂದೆ."

ಅವನು ಕೈ ತೆಗೆದ. "ಆ ಬಸ್ಸಿಗೆ ಟಿಕೆಟ್ ಮಾಡಿಸಿದ್ದು ನಾನು. ರೈಲಿಗೆ ಹೋಗ್ತೀನಿ ಅಂದವಳನ್ನ, ಬಸ್ಸು ಬೇಗ ಹೋಗುತ್ತೆ ಅಂತ ಹತ್ತಿಸಿ ಬಂದೋನು ನಾನು. ಒಂದು ಸಲ ಕಳಿಸಿ ನೋಡಿದ್ದೀನಿ, ಹೇಗೆ ವಾಪಸ್ ಬಂದೆ ಅಂತ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಇದನ್ನು ಅವನು ಎಂದೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೂ ಅವಳಿಗೆ ಗೊತ್ತಿತ್ತು. ಆಸ್ಪತ್ರೆಯ ಮೊದಲ ರಾತ್ರಿಯಿಂದಲೂ ಗೊತ್ತಿತ್ತು.

"ಬಸ್ಸು ಮಗುಚಿದ್ದು ನಿನ್ನಿಂದ ಅಲ್ಲ," ಎಂದಳು. "ಅದನ್ನ ನಾನು ಯಾವತ್ತೂ ಅಂದಿಲ್ಲ, ಅನ್ನೋದೂ ಇಲ್ಲ. ಆದ್ರೆ ನಿನ್ನ ಭಯಾನ ಇಪ್ಪತ್ತೆರಡು ವರ್ಷದಿಂದ ನನ್ನ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೀನಲ್ಲ, ಅದರ ಭಾರ ಈ ಏರಿಗಿಂತ ಜಾಸ್ತಿ. ಅದನ್ನ ಇವತ್ತು ನೀನೇ ಎತ್ತಿಕೋ."

ಗಾಳಿ ಬೀಸುತ್ತಿತ್ತು. ಎಂಜಿನಿಯರು ಜೀಪಿಗೆ ಒರಗಿ ನಿಂತು ತನ್ನ ಬೂಟುಗಳನ್ನು ನೋಡಿಕೊಳ್ಳುತ್ತಿದ್ದ.

"ನಾನೇನು ಮಾಡಲಿ ಹೇಳು," ಎಂದ ತಮ್ಮ ಕೊನೆಗೆ.

"ತಳ್ಳಬೇಡ. ನಾನು ನಿಂತಾಗ ಚಕ್ರದ ಹಿಂದೆ ಒಂದು ಕಲ್ಲು ಕೊಡು. ಬ್ರೇಕು ಈ ಇಳಿಜಾರಿಗೆ ಸಾಲ್ತಿಲ್ಲ."

ತಮ್ಮ ರಸ್ತೆಬದಿಯಲ್ಲಿ ಹುಡುಕಿ ತೆಂಗಿನಕಾಯಿ ಗಾತ್ರದ ಎರಡು ಕಲ್ಲು ಆರಿಸಿಕೊಂಡ. ಅವಳು ಎಂಟು ಸಲ ತಳ್ಳುವಳು, ನಿಲ್ಲುವಳು. ಅವನು ಬಗ್ಗಿ ಕಲ್ಲು ಕೊಡುವನು. ಅವಳ ಉಸಿರು ಸಮ ಆಗುವವರೆಗೆ ಕಾಯುವನು. ಅವಳು "ಹೂಂ" ಎಂದಾಗ ಕಲ್ಲು ತೆಗೆಯುವನು. ಹೀಗೇ ಸಾಗಿತು. ಹಿಂದೆ ಜೀಪು ಎಂಜಿನ್ ಆರಿಸಿಕೊಂಡು ನಿಂತೇಬಿಟ್ಟಿತ್ತು. ನೆಂಟರು ಬೇಸತ್ತು ಇಳಿದು ನಡೆಯತೊಡಗಿದ್ದರು.

ತಿರುವಿನಲ್ಲಿ ತಮ್ಮನ ಹೆಂಡತಿ, ಮಗಳು ನಿಂತಿದ್ದರು. ಅವರ ಪಕ್ಕ ಇನ್ನೂ ಹತ್ತಾರು ಜನ. ಯುವಕನೊಬ್ಬ ಫೋನ್ ಎತ್ತಿ ಹಿಡಿದು, "ಆಂಟಿ, ಸೂಪರ್! ನೀವೇ ನಮಗೆ ಸ್ಫೂರ್ತಿ! ಇಲ್ಲಿ ನೋಡಿ," ಎಂದ.

"ಸ್ಫೂರ್ತಿ ಆಮೇಲೆ," ಎಂದಳು ತಪ್ಪಕ್ಕ ಏದುಸಿರಿನ ನಡುವೆ. "ಮೊದಲು ದಾರಿ ಬಿಡಪ್ಪ."

ತಮ್ಮನ ಮಗಳು ಹೋಗಿ ಅವನ ಫೋನಿಗೆ ಅಂಗೈ ಅಡ್ಡ ಹಿಡಿದಳು.

ತುದಿ ಎಂದರೆ ಒಂದು ಸಣ್ಣ ಬಯಲು. ಒಂದು ಬದಿಗೆ ಬೇಲಿಯೊಳಗೆ ಗೋಪುರ. ನಡುವೆ ಸಿಮೆಂಟಿನ ಕಟ್ಟೆ, ಕಟ್ಟೆಯ ಮೇಲೆ ಆ ಜಾಗದ ಎತ್ತರವನ್ನು ಅಂಕೆಯಲ್ಲಿ ಕೆತ್ತಿದ ಮೊಣಕಾಲೆತ್ತರದ ಕಲ್ಲು. ಕಟ್ಟೆಗೆ ಮೂರು ಮೆಟ್ಟಿಲು.

ತಮ್ಮನ ಹೆಂಡತಿ ಮೆಟ್ಟಿಲು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ಅತ್ತಿಗೆ... ಇಲ್ಲೂ. ಇಷ್ಟು ಸಾಕು ಬಿಡಿ, ಇಲ್ಲಿಂದಲೇ ಮುಟ್ಟಿದ ಹಾಗೆ. ಜನರ ಮುಂದೆ ಯಾಕೆ..." ಮಾತು ಮುಗಿಸದೆ ಅವಳು ಸುತ್ತ ನೋಡಿದಳು. "ನಿಮಗೆ ಗೊತ್ತಿಲ್ಲ, ಜನ ನೋಡಿದಾಗೆಲ್ಲ ನಾವೇ ನಿಮ್ಮನ್ನ ಕಷ್ಟಕ್ಕೆ ತಳ್ಳಿದ್ದೀವಿ ಅಂದ್ಕೋತಾರೆ ಅನ್ಸುತ್ತೆ ನನಗೆ."

"ಅಂದ್ಕೊಳ್ಳಲಿ ಬಿಡು," ಎಂದಳು ತಪ್ಪಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಬೆನ್ನ ಹಿಂದಿರೋ ಕುಶನ್ ತೆಗೆದು ಮೊದಲನೇ ಮೆಟ್ಟಿಲ ಮೇಲೆ ಹಾಕು."

ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತ್ರ ಮಾಡುತ್ತಿದ್ದ ಕೆಲಸವನ್ನು ಅವಳು ಅಂದು ಎಲ್ಲರ ಕಣ್ಣೆದುರು ಮಾಡಿದಳು. ಕುರ್ಚಿಯಿಂದ ಮೆಟ್ಟಿಲಿಗೆ ಜಾರಿ ಕೂತಳು. ಬೆನ್ನು ಕಲ್ಲಿನ ಕಡೆ ಮಾಡಿ, ಎರಡೂ ಅಂಗೈ ಹಿಂದಿನ ಮೆಟ್ಟಿಲಿಗೆ ಊರಿ ಮೈ ಎತ್ತಿದಳು. ಒಂದು. ಕಾಲುಗಳು ಕೆಳಗೇ ಉಳಿದವು. "ಕಾಲು ಎತ್ತಿಡು," ಎಂದಳು ತಮ್ಮನಿಗೆ. ಅವನು ಎತ್ತಿಟ್ಟ. ತಮ್ಮನ ಹೆಂಡತಿ ಕುಶನನ್ನು ಮೇಲಿನ ಮೆಟ್ಟಿಲಿಗೆ ಸರಿಸಿದಳು. ಎರಡು. ಬಟ್ಟೆ ಮಣ್ಣಾಯಿತು. ಕೂದಲು ಬಿಚ್ಚಿಹೋಗಿ ಬಾಯಿಗೆ ಬಂತು. ಮೂರು.

ಅವಳು ಕಲ್ಲಿಗೆ ಒರಗಿ ಕೂತಳು.

ಸುತ್ತ ಎಲ್ಲಿ ನೋಡಿದರೂ ಇಳಿಜಾರು. ಅವರು ಬಂದ ರಸ್ತೆ ದಾರದಂತೆ ಕೆಳಗೆಲ್ಲೋ ಬಿದ್ದಿತ್ತು. ಅದರಾಚೆ ಹೊಲಗಳು, ಅದರಾಚೆ ಕೆರೆಯೋ ಮಂಜೋ ತಿಳಿಯದ ಬಿಳುಪು. ಅವಳ ಕಣ್ಣೆದುರು ಯಾರ ಬೆನ್ನೂ ಇರಲಿಲ್ಲ. ತಮ್ಮ ಪಕ್ಕದಲ್ಲಿ ನೆಲದ ಮೇಲೆಯೇ ಕೂತಿದ್ದ. ಅವನ ಕೈ ಮಣ್ಣಾಗಿತ್ತು.

ಎಂಜಿನಿಯರು ಕಟ್ಟೆಯ ಬುಡಕ್ಕೆ ಬಂದು ನಿಂತ. ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. "ಈ ಮೆಟ್ಟಿಲ ಪಕ್ಕ ಕುರ್ಚಿ ಹತ್ತೋಕೆ ಒಂದು ಇಳಿಜಾರು ಕಟ್ಟೋದು ದೊಡ್ಡ ಕೆಲಸ ಏನಲ್ಲ. ಕೆಳಗಿನ ಸಂದಿನೂ ಅಗಲ ಮಾಡಬಹುದು. ಇಷ್ಟು ದಿನ... ಯಾರೂ ಕೇಳಿರಲಿಲ್ಲ."

"ಕೇಳೋಕೆ ಮೊದಲು ಇಲ್ಲಿಗೆ ಬರೋಕಾಗಬೇಕಲ್ಲ ಸಾರ್," ಎಂದಳು. "ನೀವು ಬರವಣಿಗೆಯಲ್ಲಿ ಕಳಿಸಿ. ನಾನೂ ಒಂದು ಅರ್ಜಿ ಕಳಿಸ್ತೀನಿ. ಆರು ತಿಂಗಳಾದ ಮೇಲೆ ಬಂದು ನೋಡ್ತೀನಿ."

"ಮತ್ತೆ ಬರ್ತೀರಾ?"

"ಒಬ್ಬಳೇ ಅಲ್ಲ. ನಮ್ಮ ಊರಲ್ಲಿ ನನ್ನಂಥ ಹದಿನಾಲ್ಕು ಜನ ಇದ್ದಾರೆ. ಒಂದು ವ್ಯಾನ್ ಮಾಡ್ಕೊಂಡು ಬರ್ತೀವಿ. ನಿಮ್ಮ ಜೀಪು ಆವತ್ತು ಸಂಜೆವರೆಗೂ ನಮ್ಮ ಹಿಂದೆಯೇ."

ಅವನು ನಕ್ಕ. ನಗಬಹುದೋ ಬಾರದೋ ಎಂದು ಕೇಳಿಕೊಂಡು ನಕ್ಕಂತಿತ್ತು. ಜೇಬಿನಿಂದ ಡೈರಿ ತೆಗೆದು ಅಲ್ಲೇ ನಿಂತು ಬರೆದುಕೊಂಡ.

ಮೋಡವೊಂದು ಕಟ್ಟೆಯನ್ನು ದಾಟಿ ಹೋದಾಗ ಎಲ್ಲರಿಗೂ ಚಳಿಯಾಯಿತು. ತಪ್ಪಕ್ಕ ಹತ್ತಿದಂತೆಯೇ ಒಂದೊಂದೇ ಮೆಟ್ಟಿಲು ಇಳಿದು ಕುರ್ಚಿಗೆ ಬಂದಳು. ರಸ್ತೆ ಈಗ ಕೆಳಗೆ ಬಾಯಿ ತೆರೆದುಕೊಂಡಿತ್ತು. ಹತ್ತುವಾಗ ಕಾಣದಿದ್ದ ಆಳ ಇಳಿಯುವಾಗ ಕಾಣುತ್ತಿತ್ತು. ತೋಳುಗಳು ಸೋತಿದ್ದವು. ಚಕ್ರ ತಡೆದು ಹಿಡಿಯುವ ಬಲ ಅಂಗೈಯಲ್ಲಿ ಉಳಿದಿರಲಿಲ್ಲ.

ತಮ್ಮ ಕುರ್ಚಿಯ ಹಿಂದೆ ಬಂದ. ಆಮೇಲೆ ಏನೋ ನೆನಪಾದಂತೆ ಸುತ್ತಿಬಂದು ಅವಳೆದುರು ನಿಂತ.

"ಹಿಡ್ಕೊಳ್ಳಲಾ ಅಕ್ಕ?" ಎಂದು ಕೇಳಿದ.

ತಪ್ಪಕ್ಕ ರಸ್ತೆಯನ್ನು ನೋಡಿದಳು, ತಮ್ಮನ ಮುಖವನ್ನು ನೋಡಿದಳು.

"ಹಿಡ್ಕೊ," ಎಂದಳು. "ಗಟ್ಟಿಯಾಗಿ ಹಿಡ್ಕೊ. ನನಗೂ ಭಯ ಆಗ್ತಿದೆ."